ಒಂದು ಲೀಟರ್ ಪೆಟ್ರೋಲಿನ ಲೆಕ್ಕ

2001ರಲ್ಲಿ ಬೆಂಗಳೂರಿನ ರಸ್ತೆಗಿಳಿದ ರೇವಾ ಕಾರನ್ನು ನೋಡಿ ನಕ್ಕವರೇ ಹೆಚ್ಚು. ಉದ್ದ ಎರಡೂ ಮುಕ್ಕಾಲು ಮೀಟರಿಗಿಂತ ಕಡಿಮೆ. ಮುಂದೆ ಇಬ್ಬರು ದೊಡ್ಡವರು, ಹಿಂದೆ ಇಬ್ಬರು ಮಕ್ಕಳು ಕಾಲು ಮಡಚಿ ಕೂರಬಹುದು. ಡಿಕ್ಕಿ ಎಂದು ಕರೆಯಬಹುದಾದ ಜಾಗ ಹೆಸರಿಗಷ್ಟೇ. ಸಿಗ್ನಲ್ಲಿನಲ್ಲಿ ಪಕ್ಕಕ್ಕೆ ಬಂದು ನಿಂತರೆ ಸದ್ದಿಲ್ಲದೆ ನಿಂತಿರುತ್ತಿತ್ತು, ಕೆಟ್ಟು ನಿಂತಿದೆಯೇನೋ ಎನ್ನುವ ಹಾಗೆ. ಜನ ನಗುವುದರಲ್ಲಿ ಆಶ್ಚರ್ಯವಿರಲಿಲ್ಲ. ಆದರೆ ಕಾಗದ ಪೆನ್ಸಿಲ್ ಹಿಡಿದು ಕೂತವರಿಗೆ ಅದೇ ಕಾರು ಬೇರೆಯೇ ಥರ ಕಾಣುತ್ತಿತ್ತು.

ಅದರ ಸೀಟಿನ ಅಡಿಯಲ್ಲಿ 6 ವೋಲ್ಟಿನ ಎಂಟು ಸೀಸ-ಆಮ್ಲ ಬ್ಯಾಟರಿಗಳಿದ್ದವು. ಒಟ್ಟು 48 ವೋಲ್ಟ್, 200 ಆಂಪಿಯರ್-ಗಂಟೆ. ಗುಣಿಸಿದರೆ 9,600 ವಾಟ್-ಗಂಟೆ. ನಮ್ಮ ಮನೆಯ ಕರೆಂಟ್ ಬಿಲ್ಲಿನ ಭಾಷೆಯಲ್ಲಿ 9.6 ಯೂನಿಟ್. ಈಗ ಒಂದು ಲೀಟರ್ ಪೆಟ್ರೋಲನ್ನು ಸುಟ್ಟರೆ ಎಷ್ಟು ಶಾಖ ಬರುತ್ತದೆ ನೋಡಿ: ಅದೂ ಹತ್ತಿರ ಹತ್ತಿರ 9 ಯೂನಿಟ್. ಕಾಲು ಟನ್ನಿಗೂ ಹೆಚ್ಚು ತೂಕದ ಬ್ಯಾಟರಿ ಹೊತ್ತು ಓಡಾಡುತ್ತಿದ್ದ ಆ ಕಾರಿನ ಒಡಲಲ್ಲಿ ಇದ್ದದ್ದು ಹೆಚ್ಚುಕಡಿಮೆ ಒಂದು ಲೀಟರ್ ಪೆಟ್ರೋಲಿನಷ್ಟು ಶಕ್ತಿ. ಅಷ್ಟರಲ್ಲೇ ಅದು 80 ಕಿಲೋಮೀಟರ್ ಹೋಗುತ್ತದೆ ಎಂದು ಕಂಪನಿ ಹೇಳುತ್ತಿತ್ತು. ಊರೊಳಗಿನ ಟ್ರಾಫಿಕ್ಕಿನಲ್ಲಿ ಅದರ ಮುಕ್ಕಾಲು ಭಾಗ ಹೋದರೂ ದೊಡ್ಡದೇ. ಅದೇ ರಸ್ತೆಯಲ್ಲಿ ಪೆಟ್ರೋಲ್ ಕಾರು ಲೀಟರಿಗೆ ಹದಿನೈದು ಕಿಲೋಮೀಟರ್ ಕೊಟ್ಟರೆ ಯಜಮಾನರು ಬೀಗುತ್ತಾರೆ.

ಈ ವ್ಯತ್ಯಾಸದ ಒಂದು ಪಾಲು ಮೋಟಾರಿನದು. ಪೆಟ್ರೋಲ್ ಎಂಜಿನ್ ತನಗೆ ಸಿಕ್ಕ ಶಕ್ತಿಯಲ್ಲಿ ಮುಕ್ಕಾಲು ಭಾಗವನ್ನು ಬಿಸಿಯಾಗಿ ರೇಡಿಯೇಟರಿಗೂ ಸೈಲೆನ್ಸರಿಗೂ ಕೊಟ್ಟು, ಉಳಿದದ್ದರಲ್ಲಿ ಗಾಲಿ ತಿರುಗಿಸುತ್ತದೆ. ವಿದ್ಯುತ್ ಮೋಟಾರು ಹಾಗೆ ದುಂದು ಮಾಡುವುದಿಲ್ಲ. ಸಿಕ್ಕಿದ್ದರಲ್ಲಿ ಹತ್ತನೇ ಒಂದು ಭಾಗ ಕಳೆದರೆ ಹೆಚ್ಚು. (ಆ ವಿದ್ಯುತ್ತನ್ನು ಕಲ್ಲಿದ್ದಲು ಸುಟ್ಟು ಮಾಡುವಾಗ ಆಗುವ ನಷ್ಟ ಬೇರೆ. ಅದನ್ನು ಮರೆಮಾಚುವವರ ಮಾತನ್ನು ನಂಬಬೇಡಿ.) ಇನ್ನೊಂದು ಪಾಲು ವಿನ್ಯಾಸಕಾರರ ಜಿಪುಣತನದ್ದು. ಉಕ್ಕಿನ ಕೊಳವೆಗಳ ಚೌಕಟ್ಟು, ಅದರ ಮೇಲೆ ಪ್ಲಾಸ್ಟಿಕ್ ಹೊದಿಕೆ, ಕಡಿಮೆ ತೂಕ, ಕಡಿಮೆ ವೇಗ, ಬ್ರೇಕ್ ಒತ್ತಿದಾಗ ಮೋಟಾರನ್ನೇ ಜನರೇಟರ್ ಮಾಡಿ ಒಂದಿಷ್ಟು ಕರೆಂಟನ್ನು ವಾಪಸ್ ಬ್ಯಾಟರಿಗೆ ತುಂಬುವ ವ್ಯವಸ್ಥೆ. ವಾಟ್ ವಾಟಿಗೂ ಲೆಕ್ಕ ಇಡುವ ಈ ಬುದ್ಧಿ ಎಲ್ಲಿಂದ ಬಂತು? ರೇವಾ ಕಟ್ಟಿದ ಚೇತನ್ ಮೈನಿ ಅದನ್ನು ಬಹುಮಟ್ಟಿಗೆ ಕಲಿತದ್ದು ಪಾಠದ ಕೋಣೆಯ ಹೊರಗೆ, ವಿದ್ಯಾರ್ಥಿಯಾಗಿದ್ದಾಗ, ಒಂದು ರೇಸಿನಲ್ಲಿ ಎಂದು ನನ್ನ ನಂಬಿಕೆ. ಆ ರೇಸಿನ ಕಥೆ ಆಸ್ಟ್ರೇಲಿಯದಲ್ಲಿ ಶುರುವಾಗುತ್ತದೆ.

ಡೆನ್ಮಾರ್ಕಿನಲ್ಲಿ ಹುಟ್ಟಿ ಆಸ್ಟ್ರೇಲಿಯದಲ್ಲಿ ನೆಲೆಸಿದ ಹಾನ್ಸ್ ಥೋಲ್‌ಸ್ಟ್ರಪ್ ಸಾಹಸದ ಹುಚ್ಚಿನ ಮನುಷ್ಯ. 1982ರ ಡಿಸೆಂಬರಿನಲ್ಲಿ ಆತ ರೇಸ್ ಚಾಲಕ ಲ್ಯಾರಿ ಪರ್ಕಿನ್ಸ್ ಜೊತೆ ಸೇರಿ, ಮೇಲೆ ಸೌರಫಲಕ ಹೊದೆಸಿದ ಒಂದು ಗಾಡಿಯಲ್ಲಿ ಪರ್ತ್‌ನಿಂದ ಸಿಡ್ನಿಗೆ ಹೊರಟ. ನಾಲ್ಕು ಸಾವಿರ ಕಿಲೋಮೀಟರಿಗೂ ಹೆಚ್ಚಿನ ಹಾದಿ, ಇಪ್ಪತ್ತು ದಿನ. ವೇಗ ಸೈಕಲ್ಲಿಗಿಂತ ಸ್ವಲ್ಪ ಜಾಸ್ತಿ. ಮುಟ್ಟಿದ ಮೇಲೆ ಅವನಿಗೆ ಅನ್ನಿಸಿದ್ದು, ಇದನ್ನು ಒಬ್ಬನೇ ಮಾಡಿದರೆ ಸಾಹಸ, ಹತ್ತು ಜನ ಮಾಡಿದರೆ ವಿಜ್ಞಾನ ಮುಂದೆ ಹೋಗುತ್ತದೆ ಎಂದಿರಬೇಕು. 1987ರಲ್ಲಿ ಅವನ ಹುರುಪಿನಿಂದ ವರ್ಲ್ಡ್ ಸೋಲಾರ್ ಚಾಲೆಂಜ್ ಆರಂಭವಾಯಿತು: ಉತ್ತರದ ಡಾರ್ವಿನ್‌ನಿಂದ ದಕ್ಷಿಣದ ಅಡಿಲೇಡ್‌ಗೆ, ಮರುಭೂಮಿಯ ನಡುವೆ ಮೂರು ಸಾವಿರ ಕಿಲೋಮೀಟರ್. ಬೆಳಿಗ್ಗೆ ಎಂಟಕ್ಕೆ ಹೊರಡಬೇಕು, ಸಂಜೆ ಐದಕ್ಕೆ ಎಲ್ಲಿದ್ದೀರೋ ಅಲ್ಲೇ ಬಿಡಾರ.

ಮೊದಲ ವರ್ಷವೇ ಗೆದ್ದದ್ದು ಜನರಲ್ ಮೋಟಾರ್ಸ್‌ನ ಸನ್‌ರೇಸರ್. ಕಂಪನಿ ದೊಡ್ಡದು, ಆದರೆ ಕಾರು ರೂಪಿಸುವ ಕೆಲಸವನ್ನು ಅದು ಒಪ್ಪಿಸಿದ್ದು ಕ್ಯಾಲಿಫೋರ್ನಿಯದ ಏರೋವೈರಾನ್‌ಮೆಂಟ್ ಎಂಬ ಸಣ್ಣ ಸಂಸ್ಥೆಗೆ. ಅದರ ಮುಖ್ಯಸ್ಥ ಪಾಲ್ ಮ್ಯಾಕ್‌ಕ್ರೆಡಿ 1977ರಲ್ಲಿ ಮನುಷ್ಯ ಪೆಡಲ್ ತುಳಿದೇ ಹಾರಿಸುವ ವಿಮಾನ ಮಾಡಿ ಹೆಸರಾದವನು. ಎರಡು ವರ್ಷಗಳ ಬಳಿಕ ಅಂಥದೇ ಇನ್ನೊಂದು ವಿಮಾನ ಇಂಗ್ಲಿಷ್ ಕಾಲುವೆ ದಾಟಿತು. ಮನುಷ್ಯನ ಕಾಲಿನಿಂದ ಹೊರಡುವ ಕಾಲು ಕಿಲೋವಾಟಿನಲ್ಲಿ ಆಕಾಶಕ್ಕೆ ಏರುವುದು ಹೇಗೆಂದು ಬಲ್ಲವನಿಗೆ, ಸೂರ್ಯ ಕೊಡುವ ಒಂದೂವರೆ ಕಿಲೋವಾಟು ಐಶ್ವರ್ಯವಾಗಿ ಕಂಡಿದ್ದರೆ ತಪ್ಪಿಲ್ಲ.

ಒಂದೂವರೆ ಕಿಲೋವಾಟ್ ಎಂಬ ಅಂಕಿ ಬಂದದ್ದು ಹೀಗೆ. ನಡುಹಗಲಿನಲ್ಲಿ ಪ್ರತಿ ಚದರ ಮೀಟರಿಗೆ ಸುಮಾರು 1,000 ವಾಟ್ ಬಿಸಿಲು ಬೀಳುತ್ತದೆ. ಕಾರಿನ ಬೆನ್ನ ಮೇಲೆ ಸುಮಾರು 8 ಚದರ ಮೀಟರ್ ಫಲಕ. ಅಂದಿನ ಒಳ್ಳೆಯ ಫಲಕಗಳು ಬಿಸಿಲಿನ ಐದನೇ ಒಂದು ಪಾಲನ್ನು ವಿದ್ಯುತ್ತಾಗಿ ಬದಲಿಸುತ್ತಿದ್ದವು. ಬೆಳಿಗ್ಗೆ ಸಂಜೆ ಓರೆ ಬಿಸಿಲಿನಲ್ಲಿ ಅದೂ ಇಲ್ಲ. ಹಾಗಾಗಿ ದಿನದ ಸರಾಸರಿ ಹಿಡಿದರೆ ಕೈಗೆ ಸಿಗುವುದು ಒಂದು ಇಸ್ತ್ರಿ ಪೆಟ್ಟಿಗೆ ಕುಡಿಯುವಷ್ಟು ಕರೆಂಟು. ಅಷ್ಟರಲ್ಲಿ ಮನುಷ್ಯನನ್ನು ಕೂರಿಸಿಕೊಂಡು ಹೆದ್ದಾರಿಯಲ್ಲಿ ಓಡಬೇಕು.

ಗಂಟೆಗೆ 67 ಕಿಲೋಮೀಟರ್ ವೇಗದಲ್ಲಿ ಹೋಗುವ ಸಾಧಾರಣ ಸಣ್ಣ ಕಾರೊಂದು ಗಾಳಿಯನ್ನು ಸೀಳಲು ಎರಡೂವರೆ ಕಿಲೋವಾಟು, ಟೈರುಗಳ ಉರುಳಾಟಕ್ಕೆ ಹತ್ತಿರ ಹತ್ತಿರ ಎರಡು ಕಿಲೋವಾಟು ಖರ್ಚು ಮಾಡುತ್ತದೆ. ಸನ್‌ರೇಸರ್‌ನಲ್ಲಿ ಈ ಎರಡನ್ನೂ ಕಿತ್ತು ಕಿತ್ತು ಸಣ್ಣದು ಮಾಡಲಾಯಿತು. ಗಾಳಿಯ ಪ್ರತಿರೋಧವನ್ನು ಅಳೆಯುವ ಗುಣಾಂಕ ಮಾಮೂಲಿ ಕಾರಿಗೆ 0.3ರ ಆಸುಪಾಸು, ಇದಕ್ಕೆ 0.125. ಎದುರಿನಿಂದ ಕಾಣುವ ವಿಸ್ತೀರ್ಣವೂ ಅರ್ಧ. ತೂಕ ಮುನ್ನೂರು ಕಿಲೋಗಿಂತ ಕಡಿಮೆ. ಸೈಕಲ್ಲಿನದನ್ನು ಹೋಲುವ ತೆಳು ಗಾಲಿ. ಈ ಅಂಕಿಗಳನ್ನು ಪಿಯುಸಿಯ ಸೂತ್ರಗಳಿಗೆ ಹಾಕಿ ನೋಡಿದರೆ ಗಾಳಿಗೆ ಅರ್ಧ ಕಿಲೋವಾಟೂ ಬೇಡ, ಗಾಲಿಗಳಿಗೆ ಇನ್ನೂ ಕಡಿಮೆ. ಎರಡೂ ಕೂಡಿ ಎಂಟುನೂರು ವಾಟಿನ ಸುತ್ತಮುತ್ತ. ಕಾರು ನಿಜಕ್ಕೂ ಗಂಟೆಗೆ 66.9 ಕಿಲೋಮೀಟರ್ ಸರಾಸರಿಯಲ್ಲಿ ಅಡಿಲೇಡ್ ಮುಟ್ಟಿತು. ಎರಡನೆಯ ಕಾರು ಬರುವ ಹೊತ್ತಿಗೆ ಎರಡು ದಿನ ಕಳೆದಿತ್ತು.

ಗಾಳಿಯ ಲೆಕ್ಕದಲ್ಲಿ ಒಂದು ಕ್ರೂರ ನಿಯಮವಿದೆ: ಬೇಕಾಗುವ ಶಕ್ತಿ ವೇಗದ ಘನಕ್ಕೆ ತಕ್ಕಂತೆ ಏರುತ್ತದೆ. ವೇಗ ದುಪ್ಪಟ್ಟಾದರೆ ಗಾಳಿ ಕೇಳುವ ವಾಟು ಎಂಟು ಪಟ್ಟು. ಆದ್ದರಿಂದ ಇಂಥ ರೇಸಿನಲ್ಲಿ ಚಾಲಕನಿಗಿಂತ ಮುಖ್ಯ, ಹಿಂದಿನ ಜೀಪಿನಲ್ಲಿ ಕೂತು ಮುಂದಿನ ಮೋಡವನ್ನೂ ಬ್ಯಾಟರಿಯ ಚಾರ್ಜನ್ನೂ ನೋಡುತ್ತ ಎಷ್ಟು ವೇಗದಲ್ಲಿ ಹೋಗಬೇಕೆಂದು ಹೇಳುವವನು. ಬಿಸಿಲಿರುವಾಗ ಜೋರಾಗಿ, ಮೋಡವಿರುವಾಗ ನಿಧಾನವಾಗಿ ಓಡಿಸುವುದು ಸರಿ ಎಂದು ತೋರುತ್ತದೆ. ಆದರೆ ಘನದ ನಿಯಮವಿರುವಾಗ ಹೆಚ್ಚುಕಡಿಮೆ ಒಂದೇ ವೇಗ ಹಿಡಿದು ಹೋಗುವುದೇ ಉಳಿತಾಯ. ಇದನ್ನು ಹತ್ತೊಂಬತ್ತರ ಹುಡುಗಿ ಹಾಳೆಯ ಮೇಲೆ ಸಾಬೀತು ಮಾಡಿ, ಮರುದಿನ ರಸ್ತೆಯಲ್ಲಿ ಪರೀಕ್ಷಿಸಬಹುದು. ವಿಮಾನದ ಎಂಜಿನ್ನಿಗೋ ಅಣುಸ್ಥಾವರಕ್ಕೋ ಅಂಥ ಅವಕಾಶ ಯಾರು ಕೊಡುತ್ತಾರೆ?

ಜನರಲ್ ಮೋಟಾರ್ಸ್ ಆಗ ಮಾಡಿದ ಒಂದು ಕೆಲಸವನ್ನು ಮೆಚ್ಚಲೇಬೇಕು. ಗೆದ್ದ ಕಾರನ್ನು ಗಾಜಿನ ಪೆಟ್ಟಿಗೆಯಲ್ಲಿಡದೆ ಅಮೆರಿಕದ ಶಾಲೆ ಕಾಲೇಜುಗಳಿಗೆ ಕೊಂಡೊಯ್ದು ತೋರಿಸಿತು. ಬಳಿಕ ನೀವೂ ಮಾಡಿ ನೋಡಿ ಎಂದು 1990ರ ಜುಲೈನಲ್ಲಿ ಕಾಲೇಜು ತಂಡಗಳಿಗಾಗಿಯೇ ಫ್ಲಾರಿಡಾದಿಂದ ಮಿಶಿಗನ್‌ವರೆಗೆ ಸನ್‌ರೇಸ್ ಏರ್ಪಡಿಸಿತು. 32 ತಂಡಗಳು. ಗೆದ್ದದ್ದು ಮಿಶಿಗನ್ ವಿಶ್ವವಿದ್ಯಾಲಯದ ಸನ್‌ರನ್ನರ್. ಅದೇ ಕಾರು ವರ್ಷದ ಕೊನೆಗೆ ಆಸ್ಟ್ರೇಲಿಯದಲ್ಲಿ ಮೂರನೆಯದಾಗಿ ಬಂತು. ಅದಕ್ಕಿಂತ ಮುಂದಿದ್ದ ಎರಡರಲ್ಲಿ ಒಂದು ಹೋಂಡಾ ಕಂಪನಿಯದು, ಗೆದ್ದದ್ದು ಸ್ವಿಟ್ಸರ್ಲೆಂಡಿನ ಬೀಲ್ ಎಂಬ ಊರಿನ ಎಂಜಿನಿಯರಿಂಗ್ ಶಾಲೆಯ ಹುಡುಗರು. ಹೋಂಡಾವನ್ನು ಒಂದು ಕಾಲೇಜು ಹಿಂದೆ ಹಾಕಿತು ಎಂಬುದನ್ನು ನಮ್ಮ ಪ್ರಿನ್ಸಿಪಾಲರುಗಳಿಗೆ ಆಗಾಗ ನೆನಪಿಸಬೇಕು.

ಸನ್‌ರನ್ನರ್ ಕಟ್ಟಿದ ಗುಂಪಿನಲ್ಲಿ ಬೆಂಗಳೂರಿನ ಹುಡುಗ ಚೇತನ್ ಮೈನಿ ಇದ್ದರು. ಮುಂದೆ ಸ್ಟ್ಯಾನ್‌ಫರ್ಡ್‌ನಲ್ಲಿ ಸ್ನಾತಕೋತ್ತರ ಓದು, ಕ್ಯಾಲಿಫೋರ್ನಿಯದ ಅಮೆರಿಗಾನ್ ಕಂಪನಿಯಲ್ಲಿ ಕೆಲಸ, ಅಮೆರಿಗಾನ್ ಮತ್ತು ಮೈನಿ ಕುಟುಂಬದ ಜಂಟಿ ಉದ್ಯಮವಾಗಿ 1994ರಲ್ಲಿ ರೇವಾ. ಕಾರ್ಖಾನೆ ಬೊಮ್ಮಸಂದ್ರದಲ್ಲಿ. ಲಂಡನ್ನಿನಲ್ಲಿ 2003ರಲ್ಲಿ ನಗರದ ನಡುಭಾಗಕ್ಕೆ ಬರುವ ವಾಹನಗಳಿಗೆ ಶುಲ್ಕ ಹಾಕಿ, ಎಲೆಕ್ಟ್ರಿಕ್ ಗಾಡಿಗಳಿಗೆ ವಿನಾಯಿತಿ ಕೊಟ್ಟಾಗ ಬೊಮ್ಮಸಂದ್ರದ ಈ ಗುಬ್ಬಚ್ಚಿ ಜಿ-ವಿಜ್ ಎಂಬ ಹೆಸರಿನಲ್ಲಿ ಅಲ್ಲಿ ಓಡಾಡತೊಡಗಿತು. ಅಲ್ಲಿಯ ಟೀವಿಯವರು ಅದರ ಸುರಕ್ಷತೆಯನ್ನು ಟೀಕಿಸಿದರು; ಟೀಕೆಯಲ್ಲಿ ಹುರುಳಿತ್ತು, ಯಾಕೆಂದರೆ ಅಲ್ಲಿಯ ಕಾನೂನಿನ ಪ್ರಕಾರ ಅದು ಪೂರ್ತಿ ಕಾರೇ ಅಲ್ಲ, ನಾಲ್ಕು ಗಾಲಿಯ ಲಘು ವಾಹನ. ತೂಕ ಉಳಿಸಿದ್ದಕ್ಕೆ ತೆತ್ತ ಬೆಲೆ ಅದು. 2010ರಲ್ಲಿ ಮಹೀಂದ್ರ ಕಂಪನಿ ರೇವಾವನ್ನು ಕೊಂಡಿತು. ವ್ಯಾಪಾರದ ದೃಷ್ಟಿಯಿಂದ ರೇವಾ ದೊಡ್ಡ ಗೆಲುವೇನಲ್ಲ, ಎಲ್ಲ ಸೇರಿ ಮಾರಾಟವಾದದ್ದು ಕೆಲವು ಸಾವಿರ. ಆದರೆ ಲಿಥಿಯಂ ಬ್ಯಾಟರಿ ಕಾರಿನ ಕೈಗೆಟುಕುವ ಮೊದಲೇ, ಸೀಸ ಇಟ್ಟುಕೊಂಡು, ಮಾರುವ ಕಾರೊಂದನ್ನು ಮಾಡಿ ಹತ್ತು ವರ್ಷ ರಸ್ತೆಯಲ್ಲಿ ಉಳಿಸಿದವರು ಜಗತ್ತಿನಲ್ಲಿ ಬೆರಳೆಣಿಕೆಯ ಮಂದಿ.

ಅಮೆರಿಕದ ದೊಡ್ಡ ಕಂಪನಿ ಜನರಲ್ ಮೋಟಾರ್ಸ್‌ಗೆ ಆ ತಾಳ್ಮೆ ಇರಲಿಲ್ಲ. ಸನ್‌ರೇಸರ್‌ನ ವಿದ್ಯುತ್ ಭಾಗ ರೂಪಿಸಿದವರಲ್ಲಿ ಆಲನ್ ಕೊಕೋನಿ ಎಂಬ ಎಂಜಿನಿಯರ್ ಇದ್ದ. ಬ್ಯಾಟರಿ ಕೊಡುವುದು ಒಂದೇ ದಿಕ್ಕಿನಲ್ಲಿ ಹರಿಯುವ ನೇರ ವಿದ್ಯುತ್ತು. ಕಾರ್ಖಾನೆಗಳಲ್ಲಿ ತಿರುಗುವ, ಕಾರ್ಬನ್ ಬ್ರಷ್ಷಿನ ರಗಳೆಯಿಲ್ಲದ ಗಟ್ಟಿಮುಟ್ಟಾದ ಇಂಡಕ್ಷನ್ ಮೋಟಾರಿಗೆ ಬೇಕಾದದ್ದು ತ್ರೀ ಫೇಸ್ ಕರೆಂಟು. ಒಂದನ್ನು ಇನ್ನೊಂದಾಗಿ ಮಾಡುವ ಪೆಟ್ಟಿಗೆಯೇ ಇನ್ವರ್ಟರ್. ಅದರೊಳಗಿನ ಟ್ರಾನ್ಸಿಸ್ಟರುಗಳು ಸೆಕೆಂಡಿಗೆ ಸಾವಿರಾರು ಸಲ ಆನ್ ಆಗಿ ಆಫ್ ಆಗಿ, ಪ್ರತಿ ಸಲ ಎಷ್ಟು ಹೊತ್ತು ಆನ್ ಇರಬೇಕೆಂಬುದನ್ನು ಏರಿಳಿಸುತ್ತ, ನೇರ ಕರೆಂಟನ್ನೇ ಕತ್ತರಿಸಿ ಅಲೆಯ ಆಕಾರಕ್ಕೆ ತರುತ್ತವೆ. ಅಲೆ ಬೇಗ ಬೇಗ ಬಂದರೆ ಮೋಟಾರು ಜೋರಾಗಿ ತಿರುಗುತ್ತದೆ, ನಿಧಾನವಾದರೆ ಮೆಲ್ಲಗೆ. ಇಂದಿನ ಎಲೆಕ್ಟ್ರಿಕ್ ಕಾರಿನಲ್ಲಿ ಆಕ್ಸಿಲರೇಟರ್ ತುಳಿದಾಗ ನೀವು ನಿಜವಾಗಿ ಮಾತಾಡುವುದು ಮೋಟಾರಿನ ಜೊತೆಯಲ್ಲ, ಈ ಪೆಟ್ಟಿಗೆಯ ಜೊತೆ. ಎಲೆಕ್ಟ್ರಿಕ್ ಕಾರು ಎಂದರೆ ಬರೀ ಬ್ಯಾಟರಿ ಎಂದು ತಿಳಿದವರು ಹೆಚ್ಚು. ನನ್ನನ್ನು ಕೇಳಿದರೆ ಎಂಬತ್ತರ ದಶಕದಲ್ಲಿ ಪವರ್ ಎಲೆಕ್ಟ್ರಾನಿಕ್ಸ್ ಪಳಗದೆ ಹೋಗಿದ್ದರೆ ಎಂಥ ಬ್ಯಾಟರಿ ಬಂದಿದ್ದರೂ ಅರ್ಧ ಕೆಲಸವೇ ಆಗುತ್ತಿತ್ತು.

ಕೊಕೋನಿಯ ಇನ್ವರ್ಟರ್ ಇಟ್ಟುಕೊಂಡು ಮಾಡಿದ ಇಂಪ್ಯಾಕ್ಟ್ ಎಂಬ ಮಾದರಿ ಕಾರನ್ನು 1990ರ ಜನವರಿಯಲ್ಲಿ ಲಾಸ್ ಏಂಜಲೀಸ್‌ನ ವಾಹನ ಮೇಳದಲ್ಲಿ ತೋರಿಸಿದರು. ಅದೇ ವರ್ಷ ಕ್ಯಾಲಿಫೋರ್ನಿಯ ಸರ್ಕಾರ, ಹೊಗೆ ಬಿಡದ ಕಾರುಗಳನ್ನು ಇಂತಿಷ್ಟು ಮಾರಲೇಬೇಕೆಂದು ದೊಡ್ಡ ಕಂಪನಿಗಳಿಗೆ ಕಟ್ಟು ಹಾಕಿತು. ಇಂಪ್ಯಾಕ್ಟ್ 1996ರಲ್ಲಿ ಇವಿ-1 ಆಗಿ ಹೊರಬಂತು, ಅದೂ ಬಾಡಿಗೆ ಕರಾರಿನ ಮೇಲೆ. 1,117 ಕಾರು ಮಾಡಿದ ಮೇಲೆ ಕಂಪನಿ ಕೈಚೆಲ್ಲಿತು. ಕಾರುಗಳನ್ನು ವಾಪಸ್ ಪಡೆದು ಬಹುಪಾಲನ್ನು ನುಜ್ಜುಗುಜ್ಜು ಮಾಡಿಸಿತು. ಕೊಕೋನಿ ಮಾತ್ರ ತನ್ನದೇ ಸಣ್ಣ ಸಂಸ್ಥೆಯಲ್ಲಿ ಕೆಲಸ ಮುಂದುವರಿಸಿ ಟಿ-ಜೀರೋ ಎಂಬ ಕಾರು ಮಾಡಿದ. ಅದಕ್ಕೆ 2003ರಲ್ಲಿ ಲ್ಯಾಪ್‌ಟಾಪಿನಲ್ಲಿ ಬಳಸುವಂಥ ಲಿಥಿಯಂ ಕೋಶಗಳನ್ನು ಸಾವಿರಗಟ್ಟಲೆ ಜೋಡಿಸಿದಾಗ ಕಾರಿನ ಚಹರೆಯೇ ಬದಲಾಯಿತು. ಒಂದು ಕಿಲೋ ಸೀಸ-ಆಮ್ಲ ಬ್ಯಾಟರಿ ಹಿಡಿದಿಡುವುದು 30-40 ವಾಟ್-ಗಂಟೆ. ಅಷ್ಟೇ ತೂಕದ ಲಿಥಿಯಂ ಕೋಶಗಳು ಅದರ ನಾಲ್ಕೈದು ಪಟ್ಟು.

ಅದೇ ಹೊತ್ತಿಗೆ ಜೆ. ಬಿ. ಸ್ಟ್ರಾಬೆಲ್ ಎಂಬ ಯುವಕ ಕೂಡ ಇಂಥದೇ ಕನಸು ಕಾಣುತ್ತಿದ್ದ. ಹುಡುಗನಾಗಿದ್ದಾಗ ಗುಜರಿಯ ಗಾಲ್ಫ್ ಗಾಡಿಯೊಂದನ್ನು ರಿಪೇರಿ ಮಾಡಿ ಓಡಿಸಿದ್ದ, ಆಮೇಲೆ ಹಳೆಯ ಪೋರ್ಷೆಯ ಎಂಜಿನ್ ಕಿತ್ತು ಮೋಟಾರು ಕೂರಿಸಿದ್ದ, ಸ್ಟ್ಯಾನ್‌ಫರ್ಡ್‌ನಲ್ಲಿ ಸೌರಕಾರಿನ ತಂಡದ ಹುಡುಗರೊಂದಿಗೆ ಬೆರೆತಿದ್ದ. ಅವನು ಟೆಸ್ಲಾದ ಮುಖ್ಯ ತಂತ್ರಜ್ಞನಾದ. 2008ರಲ್ಲಿ ಬಂದ ಟೆಸ್ಲಾದ ಮೊದಲ ಕಾರಿನಲ್ಲಿ ಅಂಥ 6,831 ಕೋಶಗಳಿದ್ದವು. ಟೆಸ್ಲಾ ಎಂದರೆ ಎಲ್ಲರಿಗೂ ನೆನಪಾಗುವುದು ದುಡ್ಡು ಹಾಕಿದವನ ಮುಖ. ಕಾರು ಓಡುವಂತೆ ಮಾಡಿದವರ ಜಾಡು ಹಿಡಿದು ಹೋದರೆ ಸೌರಕಾರು ಮಾಡಿ ಮೈಕೈ ಗ್ರೀಸ್ ಮಾಡಿಕೊಂಡ ಹುಡುಗರ ಗುಂಪು ಸಿಗುತ್ತದೆ.

ನಮ್ಮ ಕಡೆ ಏನಾಗುತ್ತಿದೆ? ಸಿಇಟಿ ಫಲಿತಾಂಶ ಬಂದ ಮೇಲೆ ಮನೆಮನೆಯಲ್ಲೂ ಆಪ್ಷನ್ ಎಂಟ್ರಿಯ ಚರ್ಚೆ. ಮೊದಲ ಹತ್ತು ಆಯ್ಕೆಯೂ ಕಂಪ್ಯೂಟರ್ ಸೈನ್ಸ್, ಇಲ್ಲವೇ ಅದರ ಅಣ್ಣತಮ್ಮಂದಿರು. ಮೆಕ್ಯಾನಿಕಲ್, ಎಲೆಕ್ಟ್ರಿಕಲ್ ವಿಭಾಗಗಳಲ್ಲಿ ಬೆಂಚು ಖಾಲಿ. ಅದಕ್ಕೆ ಮಕ್ಕಳನ್ನು ಬಯ್ಯುವುದು ಸುಲಭ, ನ್ಯಾಯವಲ್ಲ. ಕೋಡ್ ಬರೆದವನಿಗೆ ಸಂಜೆಯೊಳಗೆ ಫಲ ಕಾಣುತ್ತದೆ. ಮೆಕ್ಯಾನಿಕಲ್ ಹುಡುಗ ನಾಲ್ಕು ವರ್ಷ ಥರ್ಮೋಡೈನಮಿಕ್ಸ್ ಉರು ಹೊಡೆದು, ತಾನೇ ಮಾಡಿದ ಒಂದೂ ಯಂತ್ರ ತಿರುಗಿದ್ದನ್ನು ನೋಡದೆ ಹೊರಬರುತ್ತಾನೆ. ಕೊನೆಯ ವರ್ಷದ ಪ್ರಾಜೆಕ್ಟನ್ನು ರೆಡಿಮೇಡ್ ಕೊಂಡು ತರುವ ಅಂಗಡಿಗಳಿವೆ, ಅದಕ್ಕೆ ರಿಪೋರ್ಟೂ ಉಚಿತ. ಮೇಷ್ಟರಿಗೂ ಗೊತ್ತು, ಹುಡುಗರಿಗೂ ಗೊತ್ತು. ಎಂಜಿನಿಯರಿಂಗ್ ಬಗೆಗಿನ ಉತ್ಸಾಹ ಸಾಯುವುದು ಕಷ್ಟದ ಗಣಿತದಿಂದ ಎಂದು ನನಗೆ ಅನ್ನಿಸಿಲ್ಲ; ಇಂಥ ಸುಳ್ಳಾಟದಿಂದ ಸಾಯುತ್ತದೆ.

ಒಳ್ಳೆಯ ಉದಾಹರಣೆಗಳೂ ಇವೆ. ಮಣಿಪಾಲದ ವಿದ್ಯಾರ್ಥಿಗಳ ಸೋಲಾರ್‌ಮೊಬಿಲ್ ತಂಡ ಸೌರಕಾರು ಕಟ್ಟಿದೆ. ಮದ್ರಾಸ್ ಐಐಟಿಯ ಅಗ್ನಿರಥ ತಂಡ 2023ರಲ್ಲಿ ಅದೇ ಡಾರ್ವಿನ್-ಅಡಿಲೇಡ್ ಹಾದಿಗೆ ತನ್ನ ಕಾರನ್ನು ಒಯ್ದಿತ್ತು. ಬೆಂಗಳೂರಿನ ಏಥರ್ ಸ್ಕೂಟರನ್ನು 2013ರಲ್ಲಿ ಶುರು ಮಾಡಿದವರು ಅದೇ ಐಐಟಿಯಿಂದ ಆಗತಾನೇ ಹೊರಬಿದ್ದಿದ್ದ ಇಬ್ಬರು. ಕೊಯಮತ್ತೂರಿನ ರೇಸ್ ಟ್ರ್ಯಾಕಿನಲ್ಲಿ ನಡೆಯುವ ಫಾರ್ಮುಲಾ ಭಾರತ್ ಸ್ಪರ್ಧೆಗೆ ಕರ್ನಾಟಕದ ಕಾಲೇಜುಗಳೂ ಕಾರು ಕಟ್ಟಿಕೊಂಡು ಹೋಗುತ್ತವೆ. ಈ ಬಗೆಯ ಸ್ಪರ್ಧೆಗಳಲ್ಲಿ ಎಲೆಕ್ಟ್ರಿಕ್ ಕಾರಿಗೆ ಮಳೆ ಪರೀಕ್ಷೆ ಎಂಬುದೊಂದುಂಟು. ನೂರಾರು ವೋಲ್ಟಿನ ಬ್ಯಾಟರಿ ಚಾಲೂ ಇಟ್ಟು, ಗಾಲಿಗಳನ್ನು ನೆಲದಿಂದ ಎತ್ತಿ, ನಾನಾ ದಿಕ್ಕಿನಿಂದ ಎರಡು ನಿಮಿಷ ನೀರು ಚಿಮ್ಮಿಸುತ್ತಾರೆ. ಕರೆಂಟು ಎಲ್ಲಾದರೂ ಸೋರಿ ಚೌಕಟ್ಟಿಗೆ ಮುಟ್ಟಿದರೆ ಕಾವಲು ಸರ್ಕ್ಯೂಟ್ ಇಡೀ ಕಾರನ್ನು ಆರಿಸಿಬಿಡುತ್ತದೆ. ನೀರು ನಿಲ್ಲಿಸಿದ ಮೇಲೂ ಎರಡು ನಿಮಿಷ ಕಾಯಬೇಕು, ಯಾಕೆಂದರೆ ಒಳಗೆ ಸೇರಿದ ಹನಿ ನಿಧಾನವಾಗಿ ಇಳಿದು ಆಮೇಲೆ ಕೈಕೊಡುವುದುಂಟು. ಕನೆಕ್ಟರಿನ ರಬ್ಬರ್ ಬಳೆಯನ್ನು ಸರಿಯಾಗಿ ಕೂರಿಸಿದ್ದೆನೇ ಎಂದು ಆ ನಾಲ್ಕು ನಿಮಿಷ ಉಸಿರು ಬಿಗಿಹಿಡಿದು ನಿಂತ ಹುಡುಗಿಗೆ ಇನ್ಸುಲೇಷನ್ ಎಂದರೇನು ಎಂದು ಇನ್ನು ಯಾರೂ ಹೇಳಿಕೊಡಬೇಕಿಲ್ಲ.

ಅಂಥ ತಂಡ ನಿಮ್ಮ ಕಾಲೇಜಿನಲ್ಲಿ ಇಲ್ಲದಿದ್ದರೆ, ನೀವಿನ್ನೂ ಹೈಸ್ಕೂಲಿನಲ್ಲಿದ್ದರೆ, ಒಂದು ಎಲೆಕ್ಟ್ರಿಕ್ ಸ್ಕೂಟರು, ಲೈಸೆನ್ಸ್ ಇರುವ ಅಣ್ಣನೋ ಅಕ್ಕನೋ, ಒಂದು ಮೊಬೈಲು ಸಾಕು. ಭಾನುವಾರ ಬೆಳಿಗ್ಗೆ ಊರಾಚೆಯ ಹೊಸ ಲೇಔಟಿನ ಖಾಲಿ ರಸ್ತೆಗೆ ಹೋಗಿ. ಹೆಲ್ಮೆಟ್ ಇರಲಿ. ಸ್ಕೂಟರನ್ನು 45ರ ವೇಗಕ್ಕೆ ತಂದು ಆಕ್ಸಿಲರೇಟರ್ ಪೂರ್ತಿ ಬಿಡಲಿ, ಬ್ರೇಕ್ ಮುಟ್ಟದಿರಲಿ. ಸ್ಪೀಡೋಮೀಟರಿಗೆ ಎದುರಾಗಿ ಕಟ್ಟಿದ ಮೊಬೈಲು ವಿಡಿಯೊ ತೆಗೆಯುತ್ತಿರಲಿ. 40ರಿಂದ 30ಕ್ಕೆ ಇಳಿಯಲು ಎಷ್ಟು ಸೆಕೆಂಡು ಹಿಡಿಯಿತು ಎಂದು ಮನೆಯಲ್ಲಿ ಕೂತು ನೋಡಿ. ಅದೇ ರಸ್ತೆಯಲ್ಲಿ ತಿರುಗಿ ಬರುವಾಗಲೂ ಅಳೆದು ಎರಡರ ಸರಾಸರಿ ತೆಗೆಯಿರಿ. ರಸ್ತೆಯ ಇಳಿಜಾರು, ಗಾಳಿಯ ದಿಕ್ಕು ಎರಡೂ ಬಹುಮಟ್ಟಿಗೆ ವಜಾ ಆಗುತ್ತವೆ.

ಎಂಟು ಸೆಕೆಂಡು ಬಂತು ಎನ್ನಿ. ಹತ್ತು ಕಿಲೋಮೀಟರ್ ವೇಗ ಎಂದರೆ ಸೆಕೆಂಡಿಗೆ 2.78 ಮೀಟರ್. ಎಂಟರಿಂದ ಭಾಗಿಸಿದರೆ ವೇಗ ಇಳಿದ ಪ್ರಮಾಣ 0.35. ಸ್ಕೂಟರು ಮತ್ತು ಸವಾರರ ತೂಕ 190 ಕಿಲೋ ಆದರೆ, ನ್ಯೂಟನ್ನನ ಎರಡನೆಯ ನಿಯಮದಂತೆ ಹಿಂದಕ್ಕೆ ಎಳೆಯುತ್ತಿರುವ ಬಲ ಸುಮಾರು 66 ನ್ಯೂಟನ್. ಆ ಬಲದ ಎದುರು ಒಂದು ಕಿಲೋಮೀಟರ್ ಹೋಗಲು 66,000 ಜೂಲ್ ಬೇಕು, ಅಂದರೆ 18 ವಾಟ್-ಗಂಟೆ. ಸ್ಕೂಟರಿನ ಪರದೆ ಕಿಲೋಮೀಟರಿಗೆ 25ರಿಂದ 30 ವಾಟ್-ಗಂಟೆ ಖರ್ಚಾಗಿದೆ ಎನ್ನುತ್ತಿರಬಹುದು. ನಡುವಿನ ಹತ್ತು ಎಲ್ಲಿ ಹೋಯಿತು? ಸಿಗ್ನಲ್ಲಿನಲ್ಲಿ ನಿಂತು ಹೊರಟದ್ದು, ಮೋಟಾರಿನ ತಂತಿ ಬಿಸಿಯಾದದ್ದು, ಕಂಟ್ರೋಲರು, ಹೆಡ್‌ಲೈಟು ಎಲ್ಲದರ ಪಾಲನ್ನೂ ಒಂದೊಂದಾಗಿ ಹುಡುಕಬಹುದು. ಟೈರಿಗೆ ಸರಿಯಾಗಿ ಗಾಳಿ ತುಂಬಿಸಿ ಇನ್ನೊಮ್ಮೆ ಅಳೆದರೆ ಎಂಟು ಸೆಕೆಂಡು ಒಂಬತ್ತಾಗುತ್ತದೆಯೇ ನೋಡಬಹುದು.

ಇನ್ನೊಂದು ತೊಡಕಿದೆ. ಕೆಲವು ಸ್ಕೂಟರುಗಳಲ್ಲಿ ಆಕ್ಸಿಲರೇಟರ್ ಬಿಟ್ಟೊಡನೆ ರೀಜನ್, ಅಂದರೆ ಮೋಟಾರನ್ನೇ ಜನರೇಟರ್ ಮಾಡಿ ಬ್ಯಾಟರಿ ತುಂಬುವ ವ್ಯವಸ್ಥೆ, ತಾನಾಗಿ ಶುರುವಾಗಿ ಗಾಡಿಯನ್ನು ಹಿಡಿದು ಎಳೆಯುತ್ತದೆ. ಆಗ ಎಂಟು ಸೆಕೆಂಡಿನ ಜಾಗದಲ್ಲಿ ನಾಲ್ಕೇ ಬಂದು, ಬಲ 130 ನ್ಯೂಟನ್ ದಾಟುತ್ತದೆ. ಹೆಚ್ಚುವರಿ 66 ನ್ಯೂಟನ್ ಮೋಟಾರು ಕೊಟ್ಟದ್ದು. ಅದರಲ್ಲಿ ಬ್ಯಾಟರಿಗೆ ನಿಜಕ್ಕೂ ವಾಪಸ್ ಸೇರಿದ್ದು ಎಷ್ಟು ಎಂದು ತಿಳಿಯಬೇಕಾದರೆ ಕರೆಂಟನ್ನೂ ಅಳೆಯಬೇಕು. ಅದಕ್ಕೆ ಕಾಲೇಜಿನ ಲ್ಯಾಬಿನ ಬಾಗಿಲು ತಟ್ಟಿ ಒಂದು ಕ್ಲಾಂಪ್ ಮೀಟರನ್ನೂ, ಅದನ್ನು ಎಲ್ಲಿ ಹಾಕಬೇಕೆಂದು ಗೊತ್ತಿರುವ ಮೇಷ್ಟರೊಬ್ಬರನ್ನೂ ಕೇಳಿ ಕರೆತನ್ನಿ.